ಪ್ರೋಗ್ರೆಸಿವ್ ಪ್ರೆಸ್: ಪ್ರೈಮರ್ ಎದ್ದು ನಿಲ್ಲುತ್ತೆ, ಮದ್ದು ಚೆಲ್ಲುತ್ತೆ, ಉದ್ದ ಒಂದೇ ಸಮ ಬರ್ತಿಲ್ಲ

ಹಿತ್ತಾಳೆಚಿಪ್ಪು ಕೇಳಿದ್ದು:

ಹಾರಿಸಿದ ಹಿತ್ತಾಳೆ ಕೇಸ್‌ಗಳಿಗೆ ಮತ್ತೆ ಮದ್ದು ತುಂಬಿ ತೋಟಾ ಮಾಡೋ ಐದು ಸ್ಟೇಷನ್ನಿನ ಪ್ರೆಸ್, ಕೇಸ್‌ಗಳನ್ನ ಹಿಡಿದಿರೋ ಶೆಲ್ ಪ್ಲೇಟ್ ತಾನಾಗೇ ತಿರುಗುವಂಥದ್ದು. 9 ಎಂಎಂ ಲೂಗರ್, 124 ಗ್ರೇನ್ (ಸುಮಾರು 8 ಗ್ರಾಂ) ದುಂಡು ಮೂತಿಯ ಬುಲೆಟ್. 1ನೇ ಸ್ಟೇಷನ್ನಿನಲ್ಲಿ ಹಳೇ ಪ್ರೈಮರ್ (ಕೇಸಿನ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡೋ ಪುಟ್ಟ ಬಟ್ಟಲು) ತೆಗೆದು ಸೈಜಿಂಗ್, ಅಂದರೆ ಕೇಸನ್ನ ಒತ್ತಿ ಮೊದಲಿನ ಅಳತೆಗೆ ತರೋದು. 2ರಲ್ಲಿ ಹ್ಯಾಂಡಲ್ ಮುಂದಕ್ಕೆ ತಳ್ಳಿದಾಗ ಹೊಸ ಪ್ರೈಮರ್, ಕೆಳಕ್ಕೆ ಎಳೆದಾಗ ಕೇಸಿನ ಬಾಯಿ ಅರಳಿಸಿ ಮದ್ದು. 3ರಲ್ಲಿ ಪೌಡರ್ ಚೆಕ್ (ಮದ್ದಿನ ಮಟ್ಟ ತಪ್ಪಿದರೆ ಕೂಗೋದು), 4ರಲ್ಲಿ ಬುಲೆಟ್ ಸೀಟಿಂಗ್ (ಬುಲೆಟ್ ಒತ್ತಿ ಕೂರಿಸೋದು), 5ರಲ್ಲಿ ಟೇಪರ್ ಕ್ರಿಂಪ್ (ಅರಳಿಸಿದ ಬಾಯಿಯನ್ನ ಮತ್ತೆ ಮುಚ್ಚೋದು).

ಮೂರು ತೊಂದರೆ ಇವೆ:

ಒಂದು, ನೂರಕ್ಕೆ ಮೂರ್ನಾಲ್ಕು ಪ್ರೈಮರ್ ಪೂರ್ತಿ ಕೂರ್ತಿಲ್ಲ. ಗಾಜಿನ ಮೇಲೆ ನಿಲ್ಲಿಸಿದರೆ ತೋಟಾ ತೂಗಾಡುತ್ತೆ. ಕೆಲವದರ ಮುಖದ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿಗಳೂ ಇವೆ.

ಎರಡು, ಪ್ಲೇಟ್ 2ರಿಂದ 3ಕ್ಕೆ ತಿರುಗಿ ಟಕ್ ಅಂತ ನಿಂತಾಗ ಮದ್ದಿನ ಕಾಳು ಹೊರಗೆ ಹಾರುತ್ತೆ.

ಮೂರು, ಒಟ್ಟು ಉದ್ದ 29.20 ಮಿ.ಮೀ. ಬರಲಿ ಅಂತ ಹೊಂದಿಸಿದ್ದೀನಿ. ಬರೋದು 29.08ರಿಂದ 29.32. ಪ್ರತಿ ಸಲ ಕೊನೆಯ ನಾಲ್ಕು ತೋಟಾ ಮಾತ್ರ ಖಂಡಿತ ಗಿಡ್ಡ.

ಕೇಸ್‌ಗಳು ಬೇರೆ ಬೇರೆ ಕಂಪನಿಯವು, ಬೆರಕೆ. ಪ್ರೈಮರನ್ನ ಕೆಳಗಿಂದ ಒತ್ತೋ ಪ್ರೈಮರ್ ಪಂಚ್ ಬದಲಾಯಿಸಬೇಕಾ, ಬುಲೆಟ್ ಕೂರಿಸೋ ಅಚ್ಚು, ಅಂದರೆ ಸೀಟಿಂಗ್ ಡೈ ಬದಲಾಯಿಸಬೇಕಾ?

---

ಕಾಲುಸುತ್ತು ಬರೆದದ್ದು:

ಯಾವುದನ್ನೂ ಕೊಳ್ಳಬೇಡಿ. ನೀವು ಮೂರು ಅಂತ ಎಣಿಸಿರೋದರಲ್ಲಿ ಮೊದಲ ಎರಡು ಒಂದೇ ಕಾಯಿಲೆ. ಹಾರಿದ ಕಾಳು ಪ್ಲೇಟಿನ ಮೇಲೆ ಬಿದ್ದು, ಅಂಚಿನಿಂದ ಜಾರಿ, ಪ್ರೈಮರ್ ಪಂಚಿನ ಬಟ್ಟಲಿಗೆ ಸೇರುತ್ತೆ. ಮುಂದಿನ ಪ್ರೈಮರ್ ಆ ಕಾಳಿನ ಮೇಲೇ ಕೂತು ಮೇಲಕ್ಕೆ ಹೋಗುತ್ತೆ. ಸೂಜಿ ಚುಚ್ಚಿದ ಹಾಗಿರೋ ಗುಳಿ ಅದೇ ಕಾಳಿನ ಅಚ್ಚು. ಹಾಗಾಗಿ ಮದ್ದು ಚೆಲ್ಲೋದನ್ನ ಮೊದಲು ನಿಲ್ಲಿಸಿ.

ಕೈ ಹಾಕೋ ಮುಂಚೆ ಪ್ರೈಮರ್ ಟ್ಯೂಬ್ ಖಾಲಿ ಮಾಡಿ, ಪ್ರೈಮರ್‌ಗಳನ್ನ ಮೇಜಿನಿಂದಲೇ ಆಚೆ ಇಡಿ. ಕನ್ನಡಕ ಹಾಕಿಕೊಳ್ಳಿ. ಪ್ರೆಸ್ ಮೇಲೆ ಕೂತಿರೋ ತುಂಬಿದ ಟ್ಯೂಬು ಅಂದರೆ ನೂರು ಪ್ರೈಮರ್ ಸಾಲಾಗಿ ಒಂದರ ಮೇಲೊಂದು. ಒಂದು ಸಿಡಿದರೆ ಉಳಿದವೂ ಸಿಡಿಯುತ್ತವೆ.

ಚೆಲ್ಲೋದಕ್ಕೆ ಎರಡು ಜಾಗ ಇವೆ, ಯಾವುದು ಅಂತ ನೋಡಿ. ಮದ್ದು ಬಿದ್ದ ಮೇಲೆ ಹ್ಯಾಂಡಲನ್ನ ನಿಧಾನ ಎತ್ತಿ, ಕಣ್ಣು 2ರ ಮೇಲೇ ಇರಲಿ. ಕೇಸು, ಅದರ ಬಾಯಿ ಅರಳಿಸಿ ಮದ್ದು ಬಿಡೋ ಪೌಡರ್ ಫನಲ್‌ನಿಂದ ಕಳಚಿಕೊಳ್ಳುವಾಗಲೇ ಜಗ್ಗಿ ಕಾಳು ಹಾರಿದರೆ ತಪ್ಪು ಫನಲಿನದ್ದು. ನೀರಲ್ಲಿ ತೊಳೆದು ಫಳಫಳ ಹೊಳೆಯೋ ಕೇಸ್‌ಗಳಲ್ಲಿ ಇದು ಜಾಸ್ತಿ, ಒಳಗೋಡೆಯಲ್ಲಿ ಮಸಿ ಇಲ್ಲದೆ ಹಿತ್ತಾಳೆ ಫನಲ್‌ಗೆ ಕಚ್ಚಿಕೊಳ್ಳುತ್ತೆ. ಫನಲಿನ ಮೂತಿಗೆ ಪಾಲಿಶ್ ಕೊಡಿ, ಬಾಯಿ ಅರಳಿಸೋದನ್ನ ಕಮ್ಮಿ ಮಾಡಿ. ಬುಲೆಟ್ ಬೀಳದೆ ನೆಟ್ಟಗೆ ನಿಂತರೆ ಸಾಕು, ಕೇಸಿನ ಬಾಯಿ ಕಹಳೆಯ ಹಾಗೆ ಕಾಣಬಾರದು. ಸುಮಾರು 0.3 ಮಿ.ಮೀ. ಅಗಲವಾದರೆ ಬೇಕಾದಷ್ಟಾಯ್ತು.

ಕಳಚುವಾಗ ಏನೂ ಆಗದೆ ಪ್ಲೇಟ್ ನಿಲ್ಲುವಾಗ ಹಾರಿದರೆ ಪ್ಲೇಟಿನ ಕೆಳಗೆ, ಅದನ್ನ ಪ್ರತಿ ಸ್ಟೇಷನ್ನಿಗೆ ಸರಿಯಾಗಿ ನಿಲ್ಲಿಸೋ ಡಿಟೆಂಟ್ ಗೋಲಿ ನೋಡಿ. ಅದರ ಸ್ಪ್ರಿಂಗ್ ಬಿಗಿ ಇದ್ದಷ್ಟೂ ಗೋಲಿ ಗುಳಿಗೆ ಬೀಳೋ ಏಟು ಜೋರು. ಪ್ಲೇಟ್ ಬಿಚ್ಚಿ, ಗೋಲಿ ಜಾಗ ಒರೆಸಿ, ಚೂರೇ ಚೂರು ಗ್ರೀಸ್ ಹಚ್ಚಿ. ಆಗಲೂ ಸರಿಯಾಗದಿದ್ದರೆ ಸ್ಪ್ರಿಂಗಿನ ಅರ್ಧ ಸುತ್ತು ಕತ್ತರಿಸಿ. ಕತ್ತರಿಸೋ ಮೊದಲು ಇನ್ನೊಂದು ಸ್ಪ್ರಿಂಗ್ ಕೈಯಲ್ಲಿರಲಿ. ಜಾಸ್ತಿ ಕತ್ತರಿಸಿದರೆ ಪ್ಲೇಟ್ ಎಲ್ಲೆಂದರಲ್ಲಿ ನಿಂತು ಪ್ರೈಮರ್ ಓರೆಯಾಗುತ್ತೆ.

ಈಗ ಪ್ಲೇಟಿನ ನಡುವಿನ ಬೋಲ್ಟ್. ನಿಮ್ಮ ಮೂರನೇ ತೊಂದರೆಯ ಅರ್ಧ ಇಲ್ಲೇ ಇದೆ ಅಂತ ನನ್ನ ಅನುಮಾನ. ಪ್ಲೇಟ್ ಮೇಲಿಂದಲೂ ಕೆಳಗಿಂದಲೂ ಒರೆಸಿ ಕೂರಿಸಿ. ಪ್ಲೇಟ್ ತಿರುಗದ ಹಾಗೆ ಬೋಲ್ಟ್ ಬಿಗಿ ಮಾಡಿ, ಆಮೇಲೆ ಎಂಟನೇ ಒಂದು ಸುತ್ತು ಬಿಚ್ಚಿ. ಪ್ಲೇಟ್ ಸಲೀಸಾಗಿ ತಿರುಗಬೇಕು, ಆದರೆ ಅಂಚನ್ನ ಬೆರಳಲ್ಲಿ ಒತ್ತಿದರೆ ಮೇಲೆ ಕೆಳಗೆ ಆಡಬಾರದು. ಅಷ್ಟಾದ ಮೇಲೆ ಪಕ್ಕದ ಸೆಟ್ ಸ್ಕ್ರೂ ಬಿಗಿ ಮಾಡಿ. ಬಹಳ ಜನ ಈ ಸ್ಕ್ರೂ ಮರೀತಾರೆ, ಇನ್ನೂರು ತೋಟಾ ಆಗೋದರೊಳಗೆ ಬೋಲ್ಟ್ ತಾನಾಗೇ ಸಡಿಲ.

ಇಷ್ಟಾದ ಮೇಲೆ ಪ್ರೈಮರ್ ಆಳ ಅಳೆಯಿರಿ. ಕ್ಯಾಲಿಪರಿನ ಹಿಂಬದಿಯ ಕಡ್ಡಿಯಿಂದ ನೋಡಿದರೆ ಕೇಸಿನ ತಳಕ್ಕಿಂತ 0.08ರಿಂದ 0.13 ಮಿ.ಮೀ. ಒಳಗಿರಬೇಕು. ಬೆರಳು ಸವರಿದರೆ ಸಣ್ಣ ತಗ್ಗು ಗೊತ್ತಾಗುತ್ತೆ.

ಈಗಾಗಲೇ ತುಂಬಿರೋ ತೋಟಾದಲ್ಲಿ ಎದ್ದ ಪ್ರೈಮರನ್ನ ಮತ್ತೆ ಒತ್ತಿ ಕೂರಿಸೋಕೆ ಹೋಗಬೇಡಿ. ಮೇಲೆ ಮದ್ದು, ಅದರ ಮೇಲೆ ಬುಲೆಟ್ ಇದೆ. ಬುಲೆಟ್ ಕೀಳೋ ಪುಲ್ಲರ್‌ನಲ್ಲಿ ಬಿಚ್ಚೋದೇ.

---

ಅಂಗುಲದಳತೆ ಬರೆದದ್ದು:

ಉದ್ದದ ವಿಷಯ. ಕೊನೆಯ ನಾಲ್ಕು ಗಿಡ್ಡ ಅಂದಿರಲ್ಲ, ಉತ್ತರ ಆ ಮಾತಲ್ಲೇ ಇದೆ. 1ರಲ್ಲಿ ಸೈಜಿಂಗ್ ನಡೀತಿರುವಾಗ ಪ್ಲೇಟಿನ ಆ ಬದಿಗೆ ಬೀಳೋ ಒತ್ತಡಕ್ಕೆ ಇಡೀ ಪ್ಲಾಟ್‌ಫಾರ್ಮ್ ಕೂದಲೆಳೆಯಷ್ಟು ವಾಲುತ್ತೆ, ಮೇಲಕ್ಕೆ ಅಷ್ಟು ಕಮ್ಮಿ ಹೋಗುತ್ತೆ. ಕೇಸ್ ಮುಗಿದು 1 ಖಾಲಿಯಾದರೆ ಆ ಒತ್ತಡ ಇಲ್ಲ, ಪ್ಲೇಟ್ ಪೂರ್ತಿ ಮೇಲೆ ಹೋಗಿ ಬುಲೆಟ್ ಇನ್ನಷ್ಟು ಒಳಗೆ ಕೂರುತ್ತೆ. 1 ಖಾಲಿ ಇರುವಾಗ 4ಕ್ಕೆ ಬರೋದು ಸರಿಯಾಗಿ ಕೊನೆಯ ಮೂರ್ನಾಲ್ಕೇ.

ಅದಕ್ಕೇ ಸೀಟಿಂಗ್ ಡೈಯನ್ನ ಎಲ್ಲ ಸ್ಟೇಷನ್ ತುಂಬಿರುವಾಗಲೇ ಹೊಂದಿಸಬೇಕು. ಒಂದೇ ಕೇಸ್ ಹಾಕಿ ಹೊಂದಿಸಿದ ಅಳತೆ ಕೆಲಸ ಶುರುವಾದ ಮೇಲೆ ನಿಲ್ಲಲ್ಲ. ಬೆರಕೆ ಕೇಸ್‌ಗಳಲ್ಲಿ ಸೈಜಿಂಗ್ ಒತ್ತಡವೇ ಒಂದೊಂದಕ್ಕೆ ಒಂದೊಂದು ಥರ, ಹಾಗಾಗಿ 0.1 ಮಿ.ಮೀ. ಆಚೀಚೆ ಆಗೋದು ಸಹಜ. ಕಾರ್ಬೈಡ್ ಡೈಗೆ ಎಣ್ಣೆ ಬೇಡ ಅಂತಾರೆ, ನಿಜ, ಆದರೂ ಕೇಸ್‌ಗಳಿಗೆ ಲ್ಯಾನೋಲಿನ್ ಲೂಬ್ ಒಂದು ಸಲ ಚಿಮುಕಿಸಿ ಒಣಗಿಸಿ ನೋಡಿ. ಹ್ಯಾಂಡಲ್ ಹಗುರ, ಉದ್ದವೂ ಸುಧಾರಿಸುತ್ತೆ.

ಸೀಟಿಂಗ್ ಡೈಯೊಳಗೆ ಬುಲೆಟ್ಟಿನ ಮೂತಿ ಒತ್ತೋ ಸೀಟಿಂಗ್ ಸ್ಟೆಮ್ ಒಳಗೂ ಇಣುಕಿ. ಸೀಸದ ಚೂರೋ ಮೇಣವೋ ಅಂಟಿದ್ದರೆ ಬರಬರುತ್ತಾ ಗಿಡ್ಡ ಆಗ್ತಾ ಹೋಗುತ್ತೆ.

ಗರಿಷ್ಠ ಉದ್ದ 29.69. ನೀವು ಅದರಿಂದ ದೂರ ಇದ್ದೀರಿ, ಉದ್ದ ಆದರೆ ದೊಡ್ಡ ಚಿಂತೆಯಿಲ್ಲ. ಭಯಪಡಬೇಕಾದ್ದು ಗಿಡ್ಡ ಆಗೋದಕ್ಕೆ. 9 ಎಂಎಂ ಕೇಸಿನೊಳಗೆ ಜಾಗವೇ ಕಮ್ಮಿ, ಬುಲೆಟ್ ಒಳಕ್ಕೆ ಜಾರಿದರೆ ಒತ್ತಡ ಥಟ್ಟನೆ ಏರುತ್ತೆ. ಮದ್ದು, ಪ್ರೈಮರ್ ಇಲ್ಲದ ಡಮ್ಮಿ ಮಾಡಿ ಉದ್ದ ಅಳೆದು, ಮೂತಿಯನ್ನ ಮೇಜಿನ ಅಂಚಿಗೆ ಹೆಬ್ಬೆರಳಿನ ಬಲದಲ್ಲಿ ಒತ್ತಿ, ಮತ್ತೆ ಅಳೆಯಿರಿ. ಕಮ್ಮಿ ಆಗಿದ್ದರೆ ಹಿಡಿತ ಸಾಲದು. ಆಗ ಕ್ರಿಂಪ್ ಜಾಸ್ತಿ ಮಾಡೋದು ಸಾಮಾನ್ಯ ತಪ್ಪು. ಕ್ರಿಂಪ್ ಬಿಗಿ ಮಾಡಿದರೆ ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಅರಳುತ್ತೆ, ಒಳಗಿನ ಬುಲೆಟ್ ಮಾತ್ರ ಕುಗ್ಗಿಯೇ ಉಳಿಯುತ್ತೆ, ಇದ್ದ ಹಿಡಿತವೂ ಹೋಯ್ತು. ಬಾಯಿಯ ಹೊರ ಅಳತೆ 9.60ರಿಂದ 9.65 ಮಿ.ಮೀ. ಇದ್ದರೆ ಕ್ರಿಂಪ್ ಸರಿ. ಹಿಡಿತ ಕೊಡೋದು ಸೈಜಿಂಗ್ ಡೈ. ಅದನ್ನ ಪ್ಲೇಟಿಗೆ ತಾಗುವ ಅಂಚಿನವರೆಗೂ ಇಳಿಸಿದ್ದೀರಾ ನೋಡಿ.

---

ತಳಮುದ್ರೆ ಬರೆದದ್ದು:

ಬೆರಕೆ ಕೇಸ್ ಅಂದಿರಿ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಎದ್ದ ಪ್ರೈಮರಿಗೆ ಮದ್ದಿನ ಕಾಳಷ್ಟೇ ಕಾರಣ ಅಂತ ಇಟ್ಟುಕೊಳ್ಳಬೇಡಿ.

ನೇಟೋ ಸೇನೆಗಳ ಕೇಸ್‌ಗಳ ತಳದಲ್ಲಿ ವೃತ್ತದೊಳಗೆ ಕೂಡು ಚಿಹ್ನೆ ಇರುತ್ತೆ, ಪ್ರೈಮರ್ ಸುತ್ತ ಒತ್ತಿದ ಉಂಗುರ ಕಾಣುತ್ತೆ. ಆ ಉಂಗುರ ತೆಗೆಯದೆ ಹೊಸ ಪ್ರೈಮರ್ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತೆ ಇಲ್ಲ ಚಪ್ಪಟೆಯಾಗುತ್ತೆ. ಸ್ವೇಜ್ ಮಾಡಿ, ಅಂದರೆ ಆ ಉಂಗುರವನ್ನ ಒತ್ತಿ ಸಮ ಮಾಡಿ, ಅಥವಾ ಆ ರಾಶಿಯನ್ನೇ ಬೇರೆ ಇಡಿ.

ಇನ್ನೊಂದು, ಹಳೇ ಪ್ರೈಮರ್ ತನ್ನನ್ನ ಹೊರಗೆ ತಳ್ಳೋ ಡಿಕ್ಯಾಪಿಂಗ್ ಪಿನ್ನಿನ ತುದಿಗೆ ಅಂಟಿ, ಕೇಸ್ ಇಳಿಯುವಾಗ ವಾಪಸ್ ತನ್ನ ಗುಳಿಗೇ, ಅಂದರೆ ಪಾಕೆಟ್‌ಗೇ ಬರುತ್ತೆ. ಮುಂದಿನ ಸ್ಟೇಷನ್ನಿನಲ್ಲಿ ಹೊಸದನ್ನ ಅದರ ಮೇಲೇ ಒತ್ತಿದ ಹಾಗೆ. ಹ್ಯಾಂಡಲ್ ಗಟ್ಟಿಯಾಗಿದ್ದು ಕೈಗೆ ಗೊತ್ತಾಗುತ್ತೆ, ಅಲ್ಲೇ ನಿಲ್ಲಿಸಬೇಕು. ಪಿನ್ನಿನ ತುದಿಯನ್ನ ಸಣ್ಣ ಮರಳು ಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದರೆ ಬಹುಪಾಲು ನಿಲ್ಲುತ್ತೆ.

ಒಳಗೆ ಒಂದೇ ತೂತಿನ ಬದಲು ಎರಡು ಸಣ್ಣ ತೂತು ಕಂಡರೆ ಅದು ಬರ್ಡನ್ ಕೇಸ್, ಪಿನ್ ಮುರಿಯುತ್ತೆ. ಒಳಗೋಡೆಯಲ್ಲಿ ಮೆಟ್ಟಿಲಿನಂಥ ಅಂಚು ಇರೋ ಕೇಸ್‌ಗಳೂ ಕಸಕ್ಕೇ, ಒಳಗಿನ ಜಾಗ ಕಮ್ಮಿ.

ರಾಶಿಯಲ್ಲಿ .380 ಎಸಿಪಿ ಸೇರಿಕೊಂಡಿದೆಯಾ ಅಂತಲೂ ಹುಡುಕಿ. ಅದರ ಕೇಸ್ 17.3 ಮಿ.ಮೀ., 9 ಎಂಎಂದು 19.15. ಮದ್ದು ಅಳೆದು ಬಿಡೋ ನಿಮ್ಮ ಪೌಡರ್ ಮೆಷರ್ ಓಡೋದು ಕೇಸ್ ಅದನ್ನ ಮೇಲಕ್ಕೆ ತಳ್ಳಿದಾಗ. ಸುಮಾರು 2 ಮಿ.ಮೀ. ಗಿಡ್ಡ ಕೇಸ್ ಬಂದರೆ ಮೆಷರಿನ ಅಳತೆ ಪಟ್ಟಿ (ಬಾರ್) ಪೂರ್ತಿ ಜರುಗಲ್ಲ, ಮದ್ದು ಅರೆಬರೆ ಬೀಳುತ್ತೆ.

---

ಹಿತ್ತಾಳೆಚಿಪ್ಪು ಬರೆದದ್ದು:

ಬೋಲ್ಟ್ ಸಡಿಲವಾಗೇ ಇತ್ತು, ಸೆಟ್ ಸ್ಕ್ರೂ ತಿರುಗಿಸಿರಲೇ ಇಲ್ಲ. ಪಂಚಿನ ಬಟ್ಟಲಲ್ಲಿ ಮೂರು ಕಾಳು. ಒರೆಸಿ, ಗೋಲಿಗೆ ಗ್ರೀಸ್ ಹಚ್ಚಿ, ಲೂಬ್ ಹಾಕಿ ನೂರು ಮಾಡಿದೆ: ಎದ್ದ ಪ್ರೈಮರ್ ಒಂದು, ಅದೂ ಉಂಗುರದ ಕೇಸ್. ಉದ್ದ 29.15ರಿಂದ 29.25. ಸ್ಪ್ರಿಂಗ್ ಮುಟ್ಟಿಲ್ಲ.

ಒಂದು ಪ್ರಶ್ನೆ ಉಳೀತು. ಆ ಒಂದಕ್ಕೆ ಹ್ಯಾಂಡಲ್ ನಿಂತಾಗ ಪ್ಲೇಟ್ ತುಂಬ ಕೇಸ್ ಇತ್ತು. 2ರದ್ದನ್ನ ತೆಗೆದು ನೋಡಿ ವಾಪಸ್ ಇಟ್ಟೆ, ಆಮೇಲೆ ಅದಕ್ಕೆ ಮದ್ದು ಬಿದ್ದಿತ್ತೋ ಇಲ್ಲವೋ ಗೊಂದಲ. ಪೌಡರ್ ಚೆಕ್ ಡೈ ಇದೆಯಲ್ಲ, ಅದನ್ನ ನಂಬಬಹುದಾ?

---

ಕಾಲುಸುತ್ತು ಬರೆದದ್ದು:

ನಂಬಬೇಡಿ ಅನ್ನಲ್ಲ, ಆದರೆ ಅದು ಕೂಗೋದು ಖಾಲಿ ಕೇಸಿಗೆ, ಎರಡು ಪಾಲು ಬಿದ್ದ ಕೇಸಿಗೆ. 0.3 ಗ್ರೇನ್ ವ್ಯತ್ಯಾಸ ಅದಕ್ಕೆ ತಿಳಿಯಲ್ಲ. ವೇಗವಾಗಿ ಉರಿಯೋ ದಟ್ಟ ಮದ್ದು ಕೇಸಿನ ಅರ್ಧಕ್ಕಿಂತ ಕೆಳಗೇ ಇರುತ್ತೆ, ಎರಡು ಪಾಲು ಬಿದ್ದರೂ ಉಕ್ಕಿ ಹರಿಯಲ್ಲ, ಬುಲೆಟ್ ಸುಖವಾಗಿ ಕೂರುತ್ತೆ. ಅದಕ್ಕೇ ಇದು ಅಪಾಯ. ಮದ್ದೇ ಇಲ್ಲದ್ದು ಇನ್ನೊಂದು ಬಗೆಯ ಅಪಾಯ. ಪ್ರೈಮರಿನ ಬಲವೊಂದರಿಂದಲೇ ಬುಲೆಟ್ ಬ್ಯಾರಲ್ ನಡುವೆ ಸಿಕ್ಕಿಕೊಳ್ಳುತ್ತೆ, ಹಿಂದೆ ಬರೋ ಗುಂಡಿಗೆ ಬ್ಯಾರಲ್ ಉಬ್ಬುತ್ತೆ ಇಲ್ಲ ಸಿಡಿಯುತ್ತೆ.

ಹ್ಯಾಂಡಲ್ ಯಾವ ಕಾರಣಕ್ಕೆ ಅರ್ಧಕ್ಕೆ ನಿಂತರೂ ಹೀಗೆ ಮಾಡಿ: ಬಲ ಹಾಕಬೇಡಿ. ಟ್ಯೂಬನ್ನ ಮೇಲಿಂದ ಕಡ್ಡಿ ಹಾಕಿ ಚುಚ್ಚಬೇಡಿ. ನಿಂತ ಕಾರಣ ಕಣ್ಣಿಗೆ ಕಂಡ ಮೇಲೆ 2 ಮತ್ತು 3ರ ಕೇಸ್ ಎರಡನ್ನೂ ತೆಗೆದು ಮದ್ದನ್ನ ಹಾಪರ್‌ಗೆ, ಅಂದರೆ ಮೇಲಿನ ಮದ್ದಿನ ಡಬ್ಬಕ್ಕೆ, ಸುರಿಯಿರಿ. 4ರಲ್ಲಿರೋದಕ್ಕೆ ಇನ್ನೂ ಬುಲೆಟ್ ಇಟ್ಟಿಲ್ಲದಿದ್ದರೆ ಅದನ್ನೂ ಅಷ್ಟೇ. ಬಿದ್ದಿತ್ತೋ ಇಲ್ಲವೋ ಅಂತ ಯೋಚಿಸುತ್ತಾ ಕೂರಬೇಡಿ. ಆ ಕೇಸ್‌ಗಳಿಗೆ ಈಗಾಗಲೇ ಪ್ರೈಮರ್ ಇದೆ, ಒಂದು ಡಬ್ಬದಲ್ಲಿ ಎತ್ತಿಡಿ, ಕೊನೆಗೆ ಡಿಕ್ಯಾಪಿಂಗ್ ಪಿನ್ ತೆಗೆದು ಓಡಿಸಿ. ಆಮೇಲೆ ಮೊದಲ ಎರಡು ಮೂರು ಕೇಸಿನ ಮದ್ದು ತೂಗಿ ನೋಡಿ ಮುಂದುವರಿಸಿ.

ಹಾಪರ್ ತುಂಬಿಸಿದ ಹೊಸದರಲ್ಲಿ ಮದ್ದು ಅಲುಗಿ ಕುಳಿತುಕೊಳ್ಳೋವರೆಗೆ ಅಳತೆ ಏರುಪೇರು, ಮೊದಲ ಹತ್ತು ಹದಿನೈದನ್ನ ವಾಪಸ್ ಸುರಿದುಬಿಡಿ. ಹತ್ತು ಪಾಲು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಸರಾಸರಿ ಗೊತ್ತಾಗುತ್ತೆ, ಆದರೆ ಒಂದು ಜಾಸ್ತಿ ಇನ್ನೊಂದು ಕಮ್ಮಿ ಬಿದ್ದಿದ್ದರೆ ಅದರಲ್ಲಿ ಮುಚ್ಚಿಹೋಗುತ್ತೆ. ನಾಲ್ಕೈದನ್ನ ಬಿಡಿಬಿಡಿಯಾಗೂ ತೂಗಿ.

---

ಅಂಗುಲದಳತೆ ಬರೆದದ್ದು:

ಒಂದು ಸೇರಿಸ್ತೀನಿ. 4ರ ಮೇಲೆ ಸಣ್ಣ ಎಲ್‌ಇಡಿ ದೀಪ ಕಟ್ಟಿ, ಬುಲೆಟ್ ಇಡೋ ಮುಂಚೆ ಪ್ರತಿ ಕೇಸಿನೊಳಗೆ ಇಣುಕೋ ಅಭ್ಯಾಸ ಮಾಡಿಕೊಳ್ಳಿ. ಕೂತ ಜಾಗದಿಂದ ಮದ್ದಿನ ಮಟ್ಟ ಕಾಣದಿದ್ದರೆ ಕುರ್ಚಿ ಎತ್ತರಿಸಿ ಅಥವಾ ನಿಂತೇ ಮಾಡಿ.

ಗೊಂದಲದ ಆ ತೋಟಾ ಬೇರೆ ಇಟ್ಟಿದ್ದೀರಾ, ಇಲ್ಲ ನೂರರಲ್ಲಿ ಬೆರೆತುಹೋಯ್ತಾ?

---

ಹಿತ್ತಾಳೆಚಿಪ್ಪು ಬರೆದದ್ದು:

ಬೆರೆತಿದೆ. ತೂಗಿದರೆ ಸಿಗಲ್ವಾ?

---

ತಳಮುದ್ರೆ ಬರೆದದ್ದು:

ಸಿಗಲ್ಲ. ನಿಮ್ಮ ಮದ್ದು ನಾಲ್ಕೈದು ಗ್ರೇನ್ ಇರಬಹುದು. ಬೆರಕೆ ಕೇಸ್‌ಗಳ ತೂಕದಲ್ಲೇ ಅಷ್ಟು ವ್ಯತ್ಯಾಸ ಇರುತ್ತೆ, ಬುಲೆಟ್‌ದು ಬೇರೆ. ನೂರನ್ನೂ ಬಿಚ್ಚಿ.