ಸಹಾಯ ಬೇಕು: ಸ್ಪ್ಯಾನಿಷ್ ಭಾಷಿಕ ಹಿರಿಯರಲ್ಲಿ 'ಬದುಕು ನನ್ನ ಹಿಡಿತದಲ್ಲಿದೆ' ಎಂಬ ಭಾವದ ಮಾಪನ

ಮನೋಮಾಪನ, ಸಂಖ್ಯಾಶಾಸ್ತ್ರ ಬಲ್ಲವರ ಸಲಹೆ ಬೇಕಿತ್ತು. ದತ್ತಾಂಶ ಅಮೆರಿಕದ ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿಯದು: 50 ದಾಟಿದವರು, ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ ಉತ್ತರಿಸಿದವರು. ಹೇಳಿಕೆಗಳು ಹತ್ತು. ಐದು ಹಿಡಿತದ ಬಗ್ಗೆ (ಮನಸ್ಸು ಮಾಡಿದರೆ ಏನನ್ನಾದರೂ ಮಾಡಬಲ್ಲೆ), ಐದು ಅಡ್ಡಿಗಳ ಬಗ್ಗೆ (ಕಷ್ಟ ಎದುರಾದಾಗ ಕೈಲಾಗದವನಂತೆ ಅನಿಸುತ್ತದೆ). ಅಂಕ 1 (ಸ್ವಲ್ಪವೂ ಒಪ್ಪುವುದಿಲ್ಲ) ರಿಂದ 6 (ಪೂರ್ತಿ ಒಪ್ಪುತ್ತೇನೆ). ಇಂಗ್ಲಿಷ್, ಸ್ಪ್ಯಾನಿಷ್ ಗುಂಪುಗಳನ್ನು ಹೋಲಿಸಬೇಕು.

ತೊಡಕು ಇದು. ಹಿಡಿತದ ಐದೂ ಒಂದೇ ದಿಕ್ಕಿನವು, ಅಡ್ಡಿಯ ಐದೂ ಅಷ್ಟೇ. ಕೇಳಿದ್ದಕ್ಕೆಲ್ಲ 'ಹೌದು' ಎನ್ನುವ ಒಲವು ವಯಸ್ಸಾದವರಲ್ಲಿ, ಓದು ಕಡಿಮೆಯಿದ್ದವರಲ್ಲಿ ಹೆಚ್ಚು. ಹಾಗೆ ಎರಡಕ್ಕೂ ಒಪ್ಪಿಬಿಟ್ಟರೆ ಅವುಗಳ ನಡುವಿನ ಋಣ ಸಹಸಂಬಂಧ (ಒಂದು ಏರಿದರೆ ಇನ್ನೊಂದು ಇಳಿಯುವ ನಂಟು) ಸವೆದು ಸೊನ್ನೆಯ ಹತ್ತಿರ ಬರುತ್ತದೆ. ಅದನ್ನೇ ಸಂಸ್ಕೃತಿಯ ವ್ಯತ್ಯಾಸವೆಂದು ಓದುವುದು ದೊಡ್ಡ ತಪ್ಪು. ಹತ್ತನ್ನೂ ಕೂಡಿಸಿ ಒಂದೇ ಸರಾಸರಿ ತೆಗೆದರಂತೂ ಈ ದೋಷ ಕಣ್ಣಿಗೇ ಬೀಳುವುದಿಲ್ಲ.

ಹಿಡಿತ, ಅಡ್ಡಿ ಎರಡನ್ನೂ ಉತ್ತರಗಳ ಹಿಂದಿನ ಅಗೋಚರ ಅಂಶಗಳೆಂದು (ಫ್ಯಾಕ್ಟರ್) ಇಟ್ಟು, ಹತ್ತು ಹೇಳಿಕೆಗಳಿಗೂ 1ರ ಸಮ ಭಾರ (ಹೇಳಿಕೆಗೂ ಅಂಶಕ್ಕೂ ಇರುವ ನಂಟಿನ ಬಲ) ಕೊಟ್ಟು ಮೂರನೆಯ 'ಒಪ್ಪಿಗೆ' ಅಂಶ ಸೇರಿಸಿ, ಉಳಿದೆರಡರೊಂದಿಗೆ ಅದರ ಸಂಬಂಧವನ್ನು ಸೊನ್ನೆಗೆ ಕಟ್ಟಿದ್ದೇವೆ. ಲೆಕ್ಕಕ್ಕೆ ಆರ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಲಾವಾನ್ ಪ್ಯಾಕೇಜ್, ಶ್ರೇಣಿ ಉತ್ತರಗಳಿಗೆ ಬಳಸುವ ಡಬ್ಲ್ಯೂಎಲ್‌ಎಸ್‌ಎಂವಿ ವಿಧಾನ. ಸ್ಪ್ಯಾನಿಷ್ ಗುಂಪು ಚಿಕ್ಕದು. ಹಿಡಿತದ ಹೇಳಿಕೆಗಳಲ್ಲಿ 1 ಅನ್ನು ಅಲ್ಲಿ ಯಾರೂ ಆರಿಸದೆ ಖಾಲಿ ಉಳಿದರೆ ಎರಡು ಗುಂಪುಗಳ ಹೊಸ್ತಿಲುಗಳ (ಒಂದು ಅಂಕದಿಂದ ಮುಂದಿನದಕ್ಕೆ ದಾಟುವ ಗಡಿಗಳ) ಸಂಖ್ಯೆ ಹೊಂದದೆ ಲೆಕ್ಕ ನಿಲ್ಲುತ್ತದೆ. ಹಾಗಾಗಿ ಎರಡೂ ಗುಂಪುಗಳಲ್ಲಿ 1, 2 ಸೇರಿಸಿದ್ದೇವೆ.

ಕೇಳಬೇಕಾದ್ದು: ಭಾರಗಳಿಗಿಂತ ಮೊದಲು ಹೊಸ್ತಿಲುಗಳನ್ನು ಎರಡೂ ಗುಂಪುಗಳಲ್ಲಿ ಸಮಗೊಳಿಸುವುದು ಸರಿಯೇ? ಸಿಎಫ್‌ಐ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) ಇಳಿಕೆಗೆ 0.01ರ ಮಿತಿ ಇಂಥ ಶ್ರೇಣಿ ದತ್ತಾಂಶಕ್ಕೆ ನಂಬಲರ್ಹವೇ? ಒಪ್ಪಿಗೆ ಅಂಶದ ವೇರಿಯನ್ಸ್ (ಹರಡಿಕೆಯ ಅಳತೆ; ಸೊನ್ನೆಗಿಂತ ಕೆಳಗಿಳಿಯಬಾರದು) ಋಣಾತ್ಮಕವಾಗಿ ಬಂದರೆ ಯಾವ ನಿರ್ಬಂಧವನ್ನು ಮೊದಲು ಸಡಿಲಿಸಬೇಕು? ಕೋಡ್ ತುಣುಕು ಇದ್ದರೆ ದಯವಿಟ್ಟು ಹಾಕಿ.