‘ಗುಳಿಗಿ ಒಗ್ಗಿಬಿಟ್ಟೈತಿ’ ಅಂದರೆ ಹಿಡಿಸಿತು ಅಂತಲೋ, ನಾಟೋದು ಬಿಟ್ಟಿತು ಅಂತಲೋ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ. ಚಿಕ್ಕ ಪದ, ‘ಒಗ್ಗು’. ಅದರಿಂದ ನಮ್ಮ ಮನೆಯಲ್ಲಿ ಮೂರು ತಿಂಗಳು ಹಾಳಾಯಿತು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ತಮ್ಮ ಆರು ವರ್ಷದಿಂದ ಖಿನ್ನತೆಗೆ ಗುಳಿಗೆ ತಗೊಳ್ತಾನೆ. ಎಸ್ಸಿಟಾಲೊಪ್ರಾಮ್, 10 ಮಿಲಿಗ್ರಾಂ, ರಾತ್ರಿ ಊಟ ಆದಮೇಲೆ ಒಂದು. ಐದು ವರ್ಷ ಚೆನ್ನಾಗೇ ಇದ್ದ. ದಾವಣಗೆರೆಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆದು, ಸಂಜೆ ಗೆಳೆಯರ ಜೊತೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಬರೋನು. ಹೋದ ದೀಪಾವಳಿ ಹೊತ್ತಿಗೆ ಹಳೇ ಲಕ್ಷಣ ಒಂದೊಂದಾಗಿ ಬಂದವು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಸ್ನಾನಕ್ಕೆ ಬೇಜಾರು, ಅಂಗಡಿಯಿಂದ ಫೋನ್ ಬಂದರೆ ಪರದೆ ಕೆಳಗಾಗುವ ಹಾಗೆ ಮಗುಚಿ ಇಡೋದು. ಗುಳಿಗೆ ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. ಅವ್ವ ಅವನನ್ನು ಕರಕೊಂಡು ಹೋಗಿ ಡಾಕ್ಟರಿಗೆ ಹೇಳಿದ್ದು ಒಂದೇ ಮಾತು: “ಗುಳಿಗಿ ಒಗ್ಗಿಬಿಟ್ಟೈತ್ರಿ ಸಾರ್.”

ಡಾಕ್ಟರು ಹೊಸಬರು, ಮಂಗಳೂರು ಕಡೆಯವರು. “ಒಳ್ಳೇದಾಯ್ತು ಅಮ್ಮಾ” ಅಂದರು. ಅದೇ ಗುಳಿಗೆ, ಅದೇ ಪವರು, ಮೂರು ತಿಂಗಳಿಗೆ ಚೀಟಿ. ತಮ್ಮ ಪಕ್ಕದಲ್ಲೇ ಕೂತಿದ್ದ, ಬಾಯಿ ಬಿಡಲಿಲ್ಲ. ಆ ಕಾಯಿಲೆಯಲ್ಲಿ ಮೊದಲು ಹೋಗೋದೇ ಮಾತು. ಡಾಕ್ಟರು ಅವನ ಮುಖ ಒಂದು ಸಲ ನೋಡಬೇಕಿತ್ತು ಅನ್ನೋದು ಬಿಟ್ಟರೆ ನನ್ನದೇನೂ ತಕರಾರಿಲ್ಲ. ಅವ್ವನ ಕನ್ನಡವೂ ಸರಿ, ಅವರ ಕನ್ನಡವೂ ಸರಿ.

ಈಗ ಪದಕ್ಕೆ ಬರೋಣ. ‘ಈ ಊರಿನ ನೀರು ನನಗೆ ಒಗ್ಗಿತು’ ಅಂದರೆ ಹೊಂದಿತು ಅಂತ. ‘ಎತ್ತು ನೊಗಕ್ಕೆ ಒಗ್ಗಿತು’ ಅಂದರೆ ಪಳಗಿತು ಅಂತ. ಒಂದರಲ್ಲಿ ವಸ್ತು ಜೀವಕ್ಕೆ ಒಗ್ಗುತ್ತೆ, ಇನ್ನೊಂದರಲ್ಲಿ ಜೀವ ವಸ್ತುವಿಗೆ. ‘ಗೆ’ ಎಲ್ಲಿ ಅಂಟಿದೆ ಅನ್ನೋದರ ಮೇಲೆ ಅರ್ಥ ತಿರುಗುತ್ತೆ. ಗುಳಿಗೆ ಮೈಗೆ ಒಗ್ಗಿದರೆ ಒಳ್ಳೇ ಸುದ್ದಿ, ಮೈ ಗುಳಿಗೆಗೆ ಒಗ್ಗಿದರೆ ಕೆಟ್ಟ ಸುದ್ದಿ. ಅವ್ವ ಮಾತಿನ ಭರದಲ್ಲಿ ಮೈಯನ್ನೂ ಬಿಟ್ಟಳು, ‘ಗೆ’ಯನ್ನೂ ನುಂಗಿದಳು. ಆದರೆ ಸುಳಿವು ಕೊಟ್ಟಿದ್ದಳು: ‘ಒಗ್ಗೈತಿ’ ಅನ್ನಲಿಲ್ಲ, ‘ಒಗ್ಗಿಬಿಟ್ಟೈತಿ’ ಅಂದಳು. ಆ ‘ಬಿಟ್ಟೈತಿ’ಯಲ್ಲಿ ಆಗಬಾರದ್ದು ಆಯಿತಲ್ಲ ಅನ್ನುವ ಪೇಚಾಟವಿದೆ. ನಮ್ಮ ಕಡೆಯ ಕಿವಿಗೆ ಅದು ತಟ್ಟನೆ ಗೊತ್ತಾಗುತ್ತೆ.

ಅವ್ವನಿಗೆ ಈ ಪ್ರಯೋಗ ಹೊಲದಿಂದ ಬಂದದ್ದು. ಜಗಳೂರು ಕಡೆ ನಮ್ಮದು ಮೂರೆಕರೆ ಇದೆ. 2018ರಲ್ಲಿ ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಾಗ, ಒಂದೇ ಎಣ್ಣಿ ಮೂರು ಸಲ ಹೊಡೆದ ಮೇಲೆ ‘ಹುಳ ಎಣ್ಣಿಗೆ ಒಗ್ಗಿಬಿಟ್ಟಾವೆ’ ಅನ್ನೋರು. (ಎಣ್ಣಿ ಅಂದರೆ ಇಲ್ಲಿ ಕೀಟನಾಶಕ. ಬೆಂಗಳೂರಿನವರು ಬೇರೆ ಅರ್ಥ ಮಾಡಿಕೊಂಡು ನಗಬಾರದು.)

ಇದೇ ಪದ ಓಣಿಯಲ್ಲಿ ಇನ್ನೊಂದು ವೇಷ ಹಾಕಿತು. ಮೈ ಗುಳಿಗೆಗೆ ಒಗ್ಗಿದೆ ಅಂದಿದ್ದನ್ನು ಪಕ್ಕದ ಮನೆಯವರು ‘ಚಟ ಹತ್ತಿದೆ’ ಅಂತ ಕೇಳಿಸಿಕೊಂಡರು. “ಇವತ್ತೇ ಬಿಡಿಸ್ರಿ” ಅಂತ ಬುದ್ಧಿ ಹೇಳಿದರು. ತಮ್ಮ ಬಿಟ್ಟೂ ಬಿಟ್ಟ. ಮೂರನೇ ದಿನ ತಲೆ ತಿರುಗು, ವಾಕರಿಕೆ, ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂಗೆ. ಇದು ಚಟವಲ್ಲ. ಕುಡುಕನಿಗೆ ಆಗುವ ಹಾಗೆ ಗುಳಿಗೆಗಾಗಿ ಜೀವ ಹಾತೊರೆಯೋದಿಲ್ಲ. ಒಮ್ಮೆಲೇ ನಿಲ್ಲಿಸಿದರೆ ಈ ಜಾತಿಯ ಗುಳಿಗೆಗಳು ಹೀಗೆ ಕಾಡುತ್ತವೆ. ಅದಕ್ಕೇ ಬಿಡಬೇಕಾದಾಗಲೂ ಡಾಕ್ಟರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸೋದು. ಐದನೇ ದಿನ ಮತ್ತೆ ಶುರು ಮಾಡಿದ. ಫೆಬ್ರವರಿಯಲ್ಲಿ ಡಾಕ್ಟರ ಹತ್ತಿರ ನಾನೇ ಜೊತೆಗೆ ಹೋದೆ.

ಈ ಸಲ ಒಂದು ಹಾಳೆಯಲ್ಲಿ ಬರಕೊಂಡು ಹೋಗಿದ್ದೆ: ಯಾವ ವಾರದಿಂದ ನಿದ್ದೆ ಕೆಟ್ಟಿತು, ಎಷ್ಟು ದಿನ ಕೆಲಸಕ್ಕೆ ಹೋಗಲಿಲ್ಲ, ಗುಳಿಗೆ ಬಿಟ್ಟ ದಿನಗಳು ಯಾವುವು. ಡಾಕ್ಟರು ಅದನ್ನು ಎರಡು ಸಲ ಓದಿ, ಅವ್ವನ ಕಡೆ ತಿರುಗಿ “ಅಮ್ಮಾ, ನಾನು ಉಲ್ಟಾ ತಿಳ್ಕೊಂಡೆ” ಅಂದರು. ಆಮೇಲೆ ಕೇಳಿದ್ದೇ ಕೇಳಿದ್ದು. ಕುಡೀತಾನಾ? ಬೇರೆ ಯಾವುದಾದರೂ ಗುಳಿಗೆ ಶುರುವಾಗಿದೆಯಾ? ಯಾವಾಗಲಾದರೂ ನಿದ್ದೆಯೇ ಬೇಡದಷ್ಟು ಹುರುಪು ಬಂದಿತ್ತಾ? ರಕ್ತಕ್ಕೆ ಬರೆದರು. ಥೈರಾಯ್ಡ್ ಕಡಿಮೆ ಅಂತ ಬಂತು. ಅದು ಕಡಿಮೆ ಇದ್ದರೆ ಮನಸ್ಸೂ ಕುಗ್ಗುತ್ತೆ, ಖಿನ್ನತೆಯ ಗುಳಿಗೆಯೂ ಸರಿಯಾಗಿ ಕೆಲಸ ಮಾಡದೇ ಹೋಗಬಹುದಂತೆ. ಅಂದರೆ ಮೈ ಯಾವುದಕ್ಕೂ ಒಗ್ಗಿರಲೇ ಇಲ್ಲ!

ನನ್ನ ತಂಟೆ ಇರೋದು ಇಲ್ಲೇ. ‘ಒಗ್ಗಿಬಿಟ್ಟೈತಿ’ ಅನ್ನೋ ಪದ ಗುಳಿಗೆ ಕೆಲಸ ಮಾಡ್ತಿಲ್ಲ ಅಂತಷ್ಟೇ ಹೇಳಿ ಸುಮ್ಮನಾಗಲ್ಲ, ಕಾರಣವನ್ನೂ ತಾನೇ ತೀರ್ಮಾನ ಮಾಡಿಬಿಡುತ್ತೆ. ಬದಲಿ ಹುಡುಕಿದೆ. ‘ನಾಟು’ ಚೆನ್ನಾಗಿದೆ, ‘ಯಾವ ಔಷಧಿನೂ ನಾಟಲಿಲ್ಲ’ ಅಂತೀವಿ. ಹೊಸ ಗುಳಿಗೆ ನಾಟೋಕೆ ನಾಲ್ಕರಿಂದ ಆರು ವಾರ ಬೇಕು ಅಂತ ಹೇಳೋಕೂ ಒಪ್ಪುತ್ತೆ. ಆದರೆ ಐದು ವರ್ಷ ನಾಟಿದ್ದು ಈಗ ಬಿಟ್ಟಿತು ಅನ್ನೋಕೆ ಬರಲ್ಲ. ನಾಟಿದ ಸಸಿ ಒಣಗಬಹುದು, ನಾಟದೇ ಇದ್ದಂತೆ ಆಗಲ್ಲ. ‘ಪವರ್ ಸಾಲ್ತಿಲ್ಲ’ ಅಂತ ಎಲ್ಲರೂ ಅಂತಾರೆ, ಅದು ಅಪಾಯದ ಮಾತು. ಪವರ್ ಸಾಲದಿದ್ದರೆ ಎರಡು ನುಂಗೋಣ ಅಂತ ಮನಸ್ಸು ಓಡುತ್ತೆ.

ಬರಹದ ಕನ್ನಡಕ್ಕೆ ಹೋದರೆ ‘ಚಿಕಿತ್ಸಾ ನಿರೋಧಕ ಖಿನ್ನತೆ’ ಅಂತ ಕಟ್ಟಬಹುದು. ಅದು ಬೇರೆ ಸಂಗತಿ. ಕಡಿಮೆ ಅಂದರೆ ಎರಡು ಬಗೆಯ ಗುಳಿಗೆಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿಯೂ ಗುಣ ಕಾಣದಾಗ ಡಾಕ್ಟರುಗಳು ಬಳಸೋ ಮಾತದು. ಜೊತೆಗೆ ‘ರೋಗನಿರೋಧಕ’ ಒಳ್ಳೇದು, ‘ಚಿಕಿತ್ಸಾ ನಿರೋಧಕ’ ಕೆಟ್ಟದ್ದು. ಓದಿ ಹೇಳಿದಾಗ ತಮ್ಮ “ನಾನೇನು ಬೇಡ ಅಂತ ತಡೀತಿದೀನಾ?” ಅಂದ. ಸರಿಯಾದ ಪ್ರಶ್ನೆ. ಕೆಲಸ ಮಾಡ್ತಿದ್ದ ಔಷಧಿ ನಾಟೋದು ಬಿಡೋದಕ್ಕೆ ಡಾಕ್ಟರುಗಳು ಬಳಸೋ ‘ಟ್ಯಾಕಿಫೈಲಾಕ್ಸಿಸ್’ ಕೂಡ ಅಷ್ಟು ಕೂಡಲ್ಲ. ಅದರಲ್ಲಿರುವ ಗ್ರೀಕ್ ‘ಟ್ಯಾಕಿ’ ಅಂದರೆ ವೇಗ. ಇದಾದರೋ ತಿಂಗಳುಗಟ್ಟಲೆ ಗೊತ್ತೇ ಆಗದಂತೆ ಇಳಿದದ್ದು. ಮೈ ಔಷಧಿಗೆ ಒಗ್ಗೋದಕ್ಕೆ ‘ಸಹಿಷ್ಣುತೆ’ ಅಂದರೆ ಸಂಪಾದಕೀಯ ಓದಿದಂತಾಗುತ್ತೆ, ಬಿಡಿ.

ಕೊನೆಗೆ ಪದ ಕೊಟ್ಟವನು ತಮ್ಮನೇ. ಥೈರಾಯ್ಡಿಗೆ ಗುಳಿಗೆ ಶುರುವಾಗಿ, ಹಳೇದರ ಪ್ರಮಾಣ ಏರಿಸಿ ಆರು ವಾರ ಆಗಿತ್ತು. ಬೆಳಗಿನ ಜಾವದ ಎಚ್ಚರ ಮೂರರಿಂದ ಐದಕ್ಕೆ ಸರಿದಿತ್ತು, ಅಷ್ಟೇ. ಆ ಚಳಿಗಾಲದಲ್ಲಿ ನಿನಗೆ ಹೇಗನ್ನಿಸ್ತಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು “ಗುಳಿಗಿ ಸಪ್ಪಗಾಗಿತ್ತು ಕಣಕ್ಕಾ” ಅಂದ. ಉಪ್ಪಿಲ್ಲದ ಸಾರಿಗೂ ಸಪ್ಪಗೆ, ಬಾಡಿದ ಮುಖಕ್ಕೂ ಸಪ್ಪಗೆ. ಯಾಕೆ ಸಪ್ಪಗಾಯಿತು ಅಂತ ಆ ಪದ ಹೇಳಲ್ಲ, ಯಾರ ತಪ್ಪು ಅಂತಲೂ ಹೇಳಲ್ಲ.

ಔಷಧಿಗೆ ‘ಸಪ್ಪಗಾಗು’ ಅನ್ನೋದನ್ನು ಚಳ್ಳಕೆರೆ, ಹೊಸದುರ್ಗ, ಹೊನ್ನಾಳಿ ಕಡೆ ಯಾರಾದರೂ ಕೇಳಿದ್ದೀರಾ, ಅಥವಾ ಇದು ನನ್ನ ತಮ್ಮನೊಬ್ಬನ ಮಾತೇ? ಮಂಗಳೂರು ಕಡೆಯವರು ‘ಮದ್ದು ತಾಗುವುದು’ ಅನ್ನುತ್ತೀರಲ್ಲ, ತಾಗಿದ್ದು ತಾಗದಂತಾದರೆ ಏನನ್ನುತ್ತೀರಿ?