ಕಥಾಸಂಕಲನಕ್ಕೆ ರೀಲ್ಸ್ ಮಾಡಬೇಕಂತೆ, ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ_ಕಡೆಯವಳು

ನಮಸ್ಕಾರ ಎಲ್ಲರಿಗೂ. ನನ್ನ ಮೊದಲ ಕಥಾಸಂಕಲನ ಬರುವ ತಿಂಗಳು ಬಿಡುಗಡೆ. ಪ್ರಕಾಶಕರು ಫೋನ್ ಮಾಡಿ "ಮೇಡಂ, ಅದಕ್ಕೆ ಮುಂಚೆ ಒಂದಷ್ಟು ರೀಲ್ಸ್ ಹಾಕಿಬಿಡಿ, ಈಗ ಎಲ್ಲ ಅದರಲ್ಲೇ" ಅಂದರು. ಹೇಗೆ ಅಂತ ಕೇಳಿದರೆ "ಯೂಟ್ಯೂಬ್ ನೋಡಿ, ಗೊತ್ತಾಗುತ್ತೆ" ಅಂತ ಇಟ್ಟರು. ನೋಡಿದೆ. ಸಲಹೆ ಎಲ್ಲ ಇಂಗ್ಲಿಷಿನವರದು, ಅದರಲ್ಲೂ ಅರ್ಧಕ್ಕರ್ಧ ಟಿಕ್‌ಟಾಕ್ ಬಗ್ಗೆ. ನಮ್ಮಲ್ಲಿ ಅದು 2020ರ ಜೂನ್‌ನಲ್ಲೇ ಬಂದ್. ಉಳಿದವರು ಪುಸ್ತಕ ಹಿಡಿದುಕೊಂಡು ಕುಣಿಯುತ್ತಾರೆ. ನಾನು ಹೈಸ್ಕೂಲ್ ಟೀಚರ್, ಮಾರನೇ ದಿನ ಅದೇ ಮಕ್ಕಳ ಮುಂದೆ ನಿಲ್ಲಬೇಕಲ್ವಾ.

ನಮ್ಮದು ಹಳೇ ಹೆಂಚಿನ ಮನೆ, ಒಳಗೆ ಕತ್ತಲೆ, ಹೊರಗೆ ಜಡಿಮಳೆ. ಇರುವುದು ಒಂದು ಸಾಧಾರಣ ಫೋನ್. ಪೇಟೆಯಲ್ಲಿ ಮದುವೆ ವಿಡಿಯೋ ಮಾಡುವವರೊಬ್ಬರು ಡ್ರೋನ್ ಹಾರಿಸಿ "ಬುಕ್ ಟ್ರೇಲರ್" ಮಾಡಿಕೊಡುತ್ತೇನೆ ಅಂದರು. ಅವರು ಹೇಳಿದ ರೇಟಿಗೆ ಇನ್ನೊಂದು ಪುಸ್ತಕ ಅಚ್ಚು ಹಾಕಿಸಬಹುದು. ಟ್ರೇಲರ್ ಬೇಕಾ? ಮುಖ ತೋರಿಸಲೇಬೇಕಾ? ಹಿಂದೆ ಸಿನಿಮಾ ಹಾಡೋ ಕುವೆಂಪು ಅವರ ಕವಿತೆಯೋ ಹಾಕಿದರೆ ನಡೆಯುತ್ತಾ?

ಸಾಗರದ_ಅಂಚೆಪೆಟ್ಟಿಗೆ

ಮೇಡಂ, ಟ್ರೇಲರ್ ಬಿಟ್ಟುಬಿಡಿ. ಡ್ರೋನ್, ಮಂಜು, ಅಡಿಕೆ ತೋಟ, ಹಿಂದೆ ಒಂದು ಕೊಳಲು. ಇದು ಹೋಂಸ್ಟೇ ಜಾಹೀರಾತೋ ಕಥಾಸಂಕಲನವೋ ಯಾರಿಗೂ ಗೊತ್ತಾಗುವುದಿಲ್ಲ. ನೋಡಿದವರು "ಇದು ಯಾವ ಊರು, ರೂಮ್ ಸಿಗುತ್ತಾ" ಅಂತ ಕೇಳುತ್ತಾರೆ, ನಿಜವಾಗಿ.

ನಿಮ್ಮ ಹತ್ತಿರ ಇರುವುದು ವಾಕ್ಯ. ಅದನ್ನೇ ಕೇಳಿಸಿ. ಯಾವುದಾದರೂ ಕಥೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಮುಖಕ್ಕೆ ಹೊಡೆದ ಹಾಗೆ ಏನೋ ಹೇಳುವ ಜಾಗ ಇರುತ್ತದಲ್ಲ, ಅಲ್ಲಿಂದ ಶುರು ಮಾಡಿ, ಎದುರಿನವರು ಉತ್ತರ ಕೊಡುವ ಮುಂಚೆ ನಿಲ್ಲಿಸಿ. ನೂರು ಪದದ ಒಳಗೆ ಇರಲಿ, ಓದಲು ಹೆಚ್ಚುಕಡಿಮೆ ಒಂದು ನಿಮಿಷ. ರೀಲ್ಸ್, ಶಾರ್ಟ್ಸ್ ಎರಡರಲ್ಲೂ ಈಗ 3 ನಿಮಿಷದ್ದನ್ನೂ ಹಾಕಬಹುದು, ಆದರೆ ಹೊಸಬರ ಓದನ್ನು ಅಷ್ಟು ಹೊತ್ತು ಕೇಳುವ ತಾಳ್ಮೆ ಯಾರಿಗಿದೆ. "ನಮಸ್ಕಾರ, ನಾನು ಇಂಥವಳು, ನನ್ನ ಪುಸ್ತಕದ ಹೆಸರು..." ಅಂತ ಶುರು ಮಾಡಬೇಡಿ, ಅಷ್ಟರಲ್ಲಿ ಅವರ ಬೆರಳು ಮುಂದಕ್ಕೆ ಹೋಗಿರುತ್ತದೆ. ಹೆಸರು ಕೊನೆಗೆ ಬರಲಿ.

ಚಿತ್ರ ಸುಮಾರಾಗಿದ್ದರೂ ಜನ ನೋಡುತ್ತಾರೆ, ಧ್ವನಿ ಕೆಟ್ಟರೆ ನಿಲ್ಲುವುದಿಲ್ಲ. ಹಾಗಾಗಿ ದುಡ್ಡು ಹಾಕುವುದಿದ್ದರೆ ಫೋನಿಗೆ ಸಿಕ್ಕಿಸುವ ಒಂದು ಕಾಲರ್ ಮೈಕಿಗೆ ಹಾಕಿ. ಹಾಸಿಗೆ, ಬಟ್ಟೆ ತುಂಬಿದ ಸಣ್ಣ ಕೋಣೆ ಹುಡುಕಿ, ಎದುರಿನ ಗೋಡೆಗೆ ದಪ್ಪ ಕಂಬಳಿ ನೇತುಹಾಕಿ. ಖಾಲಿ ಜಗಲಿಯಲ್ಲಿ ಓದಿದರೆ ಧ್ವನಿ ಗುಂಯ್ ಅನ್ನುತ್ತದೆ. ಮಳೆ ಹೊಳವಾದಾಗ ರೆಕಾರ್ಡ್ ಮಾಡಿ, ಬೆಳಿಗ್ಗೆ ಒಳ್ಳೆಯದು, ಸಂಜೆ ಜೀರುಂಡೆ ಬಿಡುವುದಿಲ್ಲ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ಹೆಂಚಿನ ಮೇಲಿನ ಮಳೆ ಸದ್ದು ಬೇಕೇ ಬೇಕು ಅಂದರೆ ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಓದಿನ ಕೆಳಗೆ ತೀರಾ ಸಣ್ಣಗೆ ಸೇರಿಸಿ.

ಮುಖ ಬೇಡವಾದರೆ ಬೇಡ. ಕೈ, ಪುಟ, ಕಿಟಕಿ ಸಾಕು. ಕಿಟಕಿ ಬೆನ್ನ ಹಿಂದೆ ಇರಬಾರದು, ಎದುರಿಗೋ ಪಕ್ಕಕ್ಕೋ ಇರಲಿ. ಸೆಲ್ಫಿ ಕ್ಯಾಮೆರಾ ಬೇಡ, ಹಿಂದಿನದು ಬಳಸಿ. ಓದುವ ಧಾಟಿಗೆ ಭದ್ರಾವತಿ ಆಕಾಶವಾಣಿ ಕೇಳಿ, ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಹೆಗ್ಗೋಡಿನ ನೀನಾಸಂ ನಾಟಕ ಶಾಲೆಯಲ್ಲಿ ಕಲಿತವರು ಯಾರಾದರೂ ಪರಿಚಯ ಇದ್ದರೆ ಒಮ್ಮೆ ಎದುರಿಗೆ ಕೂರಿಸಿಕೊಂಡು ಓದಿ ತೋರಿಸಿ. ಎಲ್ಲಿ ಉಸಿರು ತೆಗೆಯಬೇಕು ಅಂತ ಅವರು ಹೇಳಿಬಿಡುತ್ತಾರೆ.

ಒತ್ತಕ್ಷರ_ಕೊಪ್ಪ

ಮೇಲಿನವರು ಹೇಳದ ಒಂದು ವಿಷಯ. ಪರದೆ ಮೇಲೆ ಅಕ್ಷರ ಹಾಕಲೇಬೇಕು. ಬಸ್ಸಿನಲ್ಲಿ, ಆಫೀಸಿನಲ್ಲಿ ಸೌಂಡ್ ಆಫ್ ಮಾಡಿಕೊಂಡೇ ನೋಡುವವರು ಬೇಕಾದಷ್ಟು ಜನ. ಆದರೆ ನಿಮ್ಮ ಪುಸ್ತಕದ ಫೈಲ್ ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಅಲ್ಲಿಂದ ಕಾಪಿ ಮಾಡಿ ಹಾಕಿದ್ದೆಲ್ಲ ಗಜಿಬಿಜಿ ಚಿಹ್ನೆ ಆಗುತ್ತದೆ. ಮೊದಲು ಯೂನಿಕೋಡಿಗೆ, ಅಂದರೆ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಅಕ್ಷರ ಸಂಕೇತಕ್ಕೆ, ಬದಲಾಯಿಸಿಕೊಳ್ಳಿ. ಆಮೇಲೂ ಕೆಲವು ವಿಡಿಯೋ ಆಪ್‌ಗಳು ಒತ್ತಕ್ಷರ ಒಡೆದು ಹಾಕುತ್ತವೆ, "ಅಮ್ಮ"ನ ಮಕಾರ ಒತ್ತು ಪಕ್ಕಕ್ಕೆ ಬಂದು ಕೂರುತ್ತದೆ. ಕನ್ನಡ ಟೀಚರ್ ಪುಸ್ತಕಕ್ಕೆ ಅದು ಶೋಭೆ ಅಲ್ಲ ಮಾರಾಯ್ರೆ! ಸುಲಭದ ದಾರಿ ಅಂದರೆ ಸಾಲುಗಳನ್ನು ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿಕೊಂಡು ವಿಡಿಯೋ ಮೇಲೆ ಇಡುವುದು. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಕಥೆಗೆ ನನಗೆ ತಿರೋ ಇಷ್ಟ.

ಅಳತೆ 1080ಕ್ಕೆ 1920, ಉದ್ದಕ್ಕೆ. ಕೆಳಗಿನ ಭಾಗದಲ್ಲೂ ಬಲಗಡೆ ಅಂಚಿನಲ್ಲೂ ಅಕ್ಷರ ಇಡಬೇಡಿ, ಅಲ್ಲಿ ಲೈಕ್ ಬಟನ್ನು, ಹೆಸರು ಎಲ್ಲ ಬಂದು ಮುಚ್ಚುತ್ತವೆ.

ಹಳೇ_ಓದುಗ_ಶಿವಮೊಗ್ಗ

ಎಲ್ಲ ಸರಿ, ಆದರೆ ರೀಲ್ಸ್ ನೋಡಿದವರೆಲ್ಲ ಪುಸ್ತಕ ಕೊಳ್ಳುತ್ತಾರೆ ಅಂತ ಯಾರು ಹೇಳಿದರು? ಎಷ್ಟೋ ಲೇಖಕರ ವಿಡಿಯೋ ನನಗೂ ಬರುತ್ತವೆ. ಇಷ್ಟವಾಗಿ ಕೊಳ್ಳೋಣ ಅಂದರೆ ಎಲ್ಲಿ ಸಿಗುತ್ತದೆ ಅಂತಲೇ ಇರುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ವಿಡಿಯೋ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದಿಲ್ಲ, ಪ್ರೊಫೈಲ್‌ನಲ್ಲೇ ಹಾಕಬೇಕು. ಯೂಟ್ಯೂಬ್ ಶಾರ್ಟ್ಸ್‌ನಲ್ಲೂ 2023ರ ಆಗಸ್ಟ್ ಕೊನೆಯಿಂದ ಕಾಮೆಂಟಿನ ಲಿಂಕ್ ಕೆಲಸ ಮಾಡುವುದಿಲ್ಲ. ಅದಕ್ಕೆ ಪ್ರಕಾಶಕರ ವಾಟ್ಸಾಪ್ ನಂಬರು, ಪುಸ್ತಕದ ಬೆಲೆ, ಅಂಚೆ ವೆಚ್ಚ, ಇಷ್ಟನ್ನು ಕೊನೆಯಲ್ಲಿ ದೊಡ್ಡದಾಗಿ ತೋರಿಸಿ. ಅದೇ ವಿಡಿಯೋವನ್ನು ಹಳೇ ವಿದ್ಯಾರ್ಥಿಗಳ ಗ್ರೂಪಿಗೂ ಶಿಕ್ಷಕರ ಗ್ರೂಪಿಗೂ ಹಾಕಿ. ಸಾವಿರಾರು ಅಪರಿಚಿತರು ಬೆರಳಾಡಿಸಿ ಹೋಗುವುದಕ್ಕಿಂತ ಅಲ್ಲಿನ ಐವತ್ತು ಜನ ಮೇಲು.

ಇನ್ನೊಂದು. "ವಿಮರ್ಶೆ ರೀಲ್ ಮಾಡುತ್ತೇವೆ, ಇಷ್ಟು ಕೊಡಿ" ಅಂತ ಮೆಸೇಜು ಬರುತ್ತವೆ. ದುಡ್ಡು ಪಡೆದು ಮಾಡಿದ್ದು ಜಾಹೀರಾತು. ಹಾಗಂತ ಅದರಲ್ಲಿ ಹೇಳಬೇಕು ಅಂತ ಜಾಹೀರಾತು ಮಂಡಳಿ ಎಎಸ್‌ಸಿಐ 2021ರಲ್ಲೇ ನಿಯಮ ತಂದಿದೆ. ಹೇಳದೆ ಮಾಡುವವರ ಸಹವಾಸ ಬೇಡ.

ತೀರ್ಥಹಳ್ಳಿ_ಕಡೆಯವಳು

ಎಲ್ಲರಿಗೂ ಧನ್ಯವಾದ. ಅತ್ತೆ ಸೊಸೆ ಜಗಳದ ಒಂದು ಜಾಗ ಇದೆ, ಅದನ್ನೇ ಓದುತ್ತೇನೆ. ಹಾಡಿನ ವಿಷಯ ಯಾರೂ ಹೇಳಲಿಲ್ಲವಲ್ಲ?

ಸಾಗರದ_ಅಂಚೆಪೆಟ್ಟಿಗೆ

ಹೌದು, ಅದು ಬಿಟ್ಟೇ ಹೋಯಿತು. ಸಿನಿಮಾ ಹಾಡು ಬೇಡ. ಬಿಸಿನೆಸ್ ಅಕೌಂಟ್ ಆದರೆ ಅವು ಬಹುಪಾಲು ಸಿಗುವುದೂ ಇಲ್ಲ. ಸಂಗೀತ ಬೇಕೆಂದರೆ ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಹುಡುಕಿ. ಕವಿತೆ ವಿಷಯ ಹೀಗೆ: 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅಂದರೆ 2054ರ ಕೊನೆವರೆಗೂ ಅನುಮತಿ ಕೇಳಬೇಕು. ಊರಿನವರು ಅನ್ನುವ ಸಲುಗೆ ಇಲ್ಲಿ ನಡೆಯುವುದಿಲ್ಲ.

ಹಾಗೇ ಪ್ರಕಾಶಕರ ಜೊತೆಗಿನ ಒಪ್ಪಂದ ಪತ್ರ ಒಮ್ಮೆ ತೆಗೆದು ನೋಡಿ, ಆಡಿಯೋ ಹಕ್ಕು ಯಾರದು ಅಂತ. ಒಂದು ತುಣುಕು ಓದಿದರೆ ಅವರೇನೂ ಅನ್ನುವುದಿಲ್ಲ, ಹೇಳಿದವರೇ ಅವರಲ್ವಾ. ಇಡೀ ಕಥೆ ಓದಿ ಹಾಕುವುದಿದ್ದರೆ ಮಾತ್ರ ಮೊದಲೇ ಕೇಳಿಕೊಳ್ಳಿ.